2147483647 ಪ್ರೈಮ್ ಅಂತ ಆಯ್ಲರ್‌ಗೆ ಹೇಗೆ ಗೊತ್ತಾಯ್ತು

ಪ್ರೋಗ್ರಾಮಿಂಗ್ ಮಾಡೋರಿಗೆ 2147483647 ನೋಡಿದ ತಕ್ಷಣ ಗುರುತು ಸಿಗತ್ತೆ, 32 ಬಿಟ್ ಸೈನ್ಡ್ ಇಂಟೀಜರ್‌ನಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆ, ಅಂದ್ರೆ 2ರ 31ನೇ ಘಾತಕ್ಕೆ ಒಂದು ಕಮ್ಮಿ. ಆದ್ರೆ ನಂಗೆ ಇದ್ರ ಮೇಲೆ ಪ್ರೀತಿ ಬೇರೆ ಕಾರಣಕ್ಕೆ. ಇದು ಪ್ರೈಮ್, ಅಂದ್ರೆ 1 ಮತ್ತು ತನ್ನನ್ನ ಬಿಟ್ಟು ಬೇರೆ ಯಾವುದ್ರಿಂದಲೂ ಶೇಷ ಇಲ್ದೆ ಭಾಗವಾಗದ ಸಂಖ್ಯೆ, ಅದನ್ನ 1772ರಲ್ಲೇ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ತೋರಿಸಿಬಿಟ್ರು, ಆ ಹೊತ್ತಿಗೆ ಅವರ ಎರಡೂ ಕಣ್ಣು ಹೆಚ್ಚುಕಮ್ಮಿ ಪೂರ್ತಿ ಹೋಗಿತ್ತು. 2ರ ಯಾವ್ಯಾವ ಘಾತದಿಂದ ಒಂದು ಕಳೆದ್ರೆ ಪ್ರೈಮ್ ಬರತ್ತೆ ಅಂತ ಮರ್ಸೆನ್ ಅನ್ನೋ ಗಣಿತಜ್ಞ 1644ರಲ್ಲಿ ಕೊಟ್ಟ ಪಟ್ಟಿಯಲ್ಲಿ 31 ಇತ್ತು ನಿಜ, ಆದ್ರೆ ಅದೇ ಪಟ್ಟಿಯಲ್ಲಿ 67 ಕೂಡ ಇತ್ತು, ಅದು ತಪ್ಪು, ಹಾಗಾಗಿ ಪಟ್ಟಿ ನಂಬಿ ಕೂರೋಕಾಗಲ್ಲ.

ಸುಮ್ನೆ ಭಾಗಿಸ್ತಾ ಹೋದ್ರೆ ಏನಾಗತ್ತೆ? ಭಾಜಕ ಇದ್ರೆ ಒಂದಾದ್ರೂ ವರ್ಗಮೂಲದ ಒಳಗೇ ಇರತ್ತೆ, ಆ ವರ್ಗಮೂಲ 46340ರ ಆಚೆ ಸ್ವಲ್ಪ ಬರತ್ತೆ, ಅಲ್ಲೀವರೆಗೆ ಪ್ರೈಮ್‌ಗಳೇ ನಾಲ್ಕೂವರೆ ಸಾವಿರಕ್ಕಿಂತ ಜಾಸ್ತಿ ಇವೆ. ಕೈಯಲ್ಲಿ ಯಾರು ಮಾಡ್ತಾರೆ.

ಈಗ ನೋಡಿ ಚೆಂದ ಇರೋದು. ಪಿ ಅನ್ನೋ ಪ್ರೈಮ್ ನಮ್ಮ ಸಂಖ್ಯೆನ ಭಾಗಿಸತ್ತೆ ಅಂತಿಟ್ಕೊಳ್ಳಿ. ಆಗ 2ರ 31ನೇ ಘಾತನ ಪಿಯಿಂದ ಭಾಗಿಸಿದ್ರೆ ಶೇಷ 1. 2ರ ಘಾತಗಳ ಶೇಷಗಳು ಒಂದು ಸುತ್ತಲ್ಲಿ ತಿರುಗ್ತಾ ಇರತ್ತೆ, ಆ ಸುತ್ತಿನ ಉದ್ದ 31ನ ಭಾಗಿಸಲೇಬೇಕು, 31 ತಾನೇ ಪ್ರೈಮ್ ಆದ್ರಿಂದ ಉದ್ದ 31 ಆಗಲೇಬೇಕು, 1 ಆಗೋಕೆ ಸಾಧ್ಯಾನೇ ಇಲ್ಲ. ಗಣಿತಜ್ಞ ಫರ್ಮಾ ಹೇಳಿದ್ದು 2ರ ಪಿ ಮೈನಸ್ 1ನೇ ಘಾತಕ್ಕೂ ಶೇಷ 1 ಅಂತ, ಹಾಗಾದ್ರೆ ಪಿ ಮೈನಸ್ 1 ಅನ್ನೋದು 31ರ ಗುಣಕ, ಪಿ ಬೆಸ ಆದ್ರಿಂದ 62ರ ಗುಣಕ! ಅಪನಂಬಿಕೆ ಇದ್ರೆ ಚಿಕ್ಕದ್ರಲ್ಲಿ ನೋಡಿ, 2ರ 11ನೇ ಘಾತ ಮೈನಸ್ 1 ಅಂದ್ರೆ 2047, ಅದು 23 ಇಂಟು 89, ಎರಡರಲ್ಲೂ ಒಂದು ಕಳೆದ್ರೆ 22, 88.

ಇಷ್ಟಕ್ಕೇ ನಿಲ್ಲಲ್ಲ. 2ರ 32ನೇ ಘಾತಕ್ಕೆ ಶೇಷ 2, ಅಂದ್ರೆ ಪಿಯಿಂದ ಭಾಗಿಸಿದ ಶೇಷದ ಲೆಕ್ಕದಲ್ಲಿ 2 ಒಂದು ವರ್ಗ, 2ರ 16ನೇ ಘಾತದ ವರ್ಗ. ಹಾಗಾಗೋದು ಪಿನ 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಂದ್ರೆ ಮಾತ್ರ. ಎರಡೂ ಷರತ್ತು ಸೇರಿಸಿದ್ರೆ ಪಿನ 248ರಿಂದ ಭಾಗಿಸಿದಾಗ ಶೇಷ 1 ಇಲ್ಲಾ 63 ಇರಬೇಕು. 46340ರ ಒಳಗೆ ಅಂಥವು 373 ಸಂಖ್ಯೆ, ಅದ್ರಲ್ಲೂ ಪ್ರೈಮ್ ಆಗಿರೋದು ನೂರಕ್ಕಿಂತ ಕಡಿಮೆ, ಮೊದಲನೇದು 311, ಆಮೇಲೆ ಒಂದೇ ಸಲ 1303ಕ್ಕೆ ಜಿಗಿತ. ಯಾವುದೂ ಭಾಗಿಸಲ್ಲ, ಕೆಲಸ ಮುಗೀತು. ಎಲೆಕ್ಟ್ರಾನಿಕ್ ಮಷೀನ್ ಬರೋಕೆ ಎಷ್ಟೋ ಮುಂಚೆ ಸಂಖ್ಯೆಯ ಒಳಗಿನ ರಚನೆ ನೋಡಿ ಸಾವಿರಾರು ಭಾಗಾಕಾರ ತಪ್ಪಿಸಿದ್ದು ನಂಗೆ ಇವತ್ತಿಗೂ ರೋಮಾಂಚನ.

ಇದೇ ಸಂಖ್ಯೆನ ಘಾತವಾಗಿ ಮೇಲೆ ಇಟ್ರೆ? 2ರ 2147483647ನೇ ಘಾತ ಮೈನಸ್ 1, ಅದು 64 ಕೋಟಿಗೂ ಹೆಚ್ಚು ಅಂಕಿಯ ಸಂಖ್ಯೆ. 3, 7, 127 ಇವನ್ನ ಹಾಗೆ ಮೇಲೆ ಇಟ್ಟಾಗ ಪ್ರೈಮ್ ಬಂತು, ಇಲ್ಲಿ ಬರಲ್ಲ, 295257526626031 ಅದನ್ನ ಭಾಗಿಸತ್ತೆ. ಪೂರ್ತಿ ಸಂಖ್ಯೆ ಬರೆಯೋಕೂ ಆಗದ ಜಾಗದಲ್ಲಿ ಭಾಜಕ ಎಲ್ಲಿ ಹುಡುಕಬೇಕು ಅನ್ನೋದು ಮಾತ್ರ ಆಯ್ಲರ್ ಬಳಸಿದ ಅದೇ ನಿಯಮ ಹೇಳತ್ತೆ: ಆ ಭಾಜಕದಲ್ಲಿ ಒಂದು ಕಳೆದು 2147483647ರಿಂದ ಭಾಗಿಸಿ ನೋಡಿ, ಸರಿಯಾಗಿ 137490, ಸಮಸಂಖ್ಯೆ, ಶೇಷ ಸೊನ್ನೆ.