ಆಪರೇಷನ್‌ಗೆ ಡೇಟ್ ಸಿಕ್ಕಿದ್ರೆ ಕಾಯುವ ವಾರಗಳನ್ನು ಸುಮ್ನೆ ಕಳೆಯಬೇಡಿ

ಮನೆಯ ಹಿರಿಯರಿಗೆ ಕ್ಯಾನ್ಸರ್ ಆಪರೇಷನ್‌ಗೆ ಡೇಟ್ ಸಿಕ್ಕಿದ ಕೂಡಲೇ ನಾವೆಲ್ಲ "ನೀವು ಮಲಗಿ, ಆಯಾಸ ಮಾಡ್ಕೋಬೇಡಿ" ಅನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ, ನಿಜ. ಆದರೆ ಎಪ್ಪತ್ತು ದಾಟಿದವರು ಮಲಗಿದಷ್ಟೂ ಕಾಲಿನ ಶಕ್ತಿ ಇಳಿಯುತ್ತದೆ, ಆಪರೇಷನ್ ಆದ ಮೇಲೆ ಎದ್ದು ಓಡಾಡಲು ಬೇಕಾಗುವುದೇ ಆ ಶಕ್ತಿ.

ಈ ಮುಂಚಿನ ತಯಾರಿಗೆ ಪ್ರೀಹ್ಯಾಬಿಲಿಟೇಶನ್ ಅನ್ನುತ್ತಾರೆ. ವ್ಯಾಯಾಮ, ಊಟ, ಉಸಿರಾಟ, ಧೈರ್ಯ, ಬೀಡಿ ಸಿಗರೇಟು ಬಿಡುವುದು, ಎಲ್ಲವೂ ಅದರಲ್ಲಿ ಸೇರಿದೆ. ದೊಡ್ಡ ಕರುಳಿನ ಕ್ಯಾನ್ಸರ್ ಇದ್ದವರ ಮೇಲೆ ಹಲವು ದೇಶಗಳಲ್ಲಿ ನಡೆದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. 4 ವಾರ ತಯಾರಿ ಮಾಡಿದವರಲ್ಲಿ ಆಪರೇಷನ್ ಆದ ಮೇಲೆ ಗಂಭೀರ ತೊಂದರೆ ಆದದ್ದು ಸುಮಾರು ಶೇ. 17, ಮಾಡದವರಲ್ಲಿ ಸುಮಾರು ಶೇ. 30. ಆದರೆ ತುಂಬಾ ನಿತ್ರಾಣವಾಗಿದ್ದ ಹಿರಿಯರ ಮೇಲೆ ಕೆನಡಾದಲ್ಲಿ ನಡೆದು 2020ರಲ್ಲಿ ಬಂದ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಪವಾಡ ಅಲ್ಲ. ಆದರೂ ಮಾಡಬೇಕು ಅಂತಲೇ ನಾನು ಹೇಳುತ್ತೇನೆ.

ನಮ್ಮ ದೊಡ್ಡಮ್ಮ ಇರುವುದು ಹಿರಿಯೂರಿನ ಹತ್ತಿರ, ಆಸ್ಪತ್ರೆ ಬೆಂಗಳೂರಿನಲ್ಲಿ. ವಾರವಾರ ಬರುವುದು ಆಗದ ಮಾತು. ಹಾಗಾಗಿ ಫೋನೇ ಗತಿ. ಲಾಗಿನ್, ಓಟಿಪಿ, ಇಂಗ್ಲಿಷ್ ಮೆನು ಇರುವ ಆ್ಯಪ್ ಅವರಿಗೆ ಆಗಿಬರಲಿಲ್ಲ. ಕೆಲಸಕ್ಕೆ ಬಂದದ್ದು ವಾಟ್ಸಾಪ್. ಫಿಸಿಯೋ ಹೇಳಿಕೊಡುವಾಗ ದೊಡ್ಡಮ್ಮ ಕುರ್ಚಿಯಿಂದ ಎದ್ದು ಕೂರುವುದನ್ನು, ಒಪ್ಪಿಗೆ ಕೇಳಿಯೇ ವಿಡಿಯೋ ಮಾಡಿಕೊಂಡೆವು. ಯಾರೋ ಜಿಮ್‌ನವರನ್ನು ನೋಡುವುದಕ್ಕಿಂತ ತಮ್ಮನ್ನೇ ನೋಡಿಕೊಂಡು ಮಾಡುವುದು ಅವರಿಗೆ ಸಲೀಸಾಯಿತು. ಟೈಪ್ ಮಾಡುವ ಗೊಡವೆ ಬೇಡ ಅಂತ ಸಂಜೆ ವಾಯ್ಸ್ ಮೆಸೇಜ್: "ಇವತ್ತು ಆಯ್ತು ಕಣಮ್ಮ, ಮಂಡಿ ಸ್ವಲ್ಪ ನೋವು."

ಫೋನ್ ತೋರಿಸುವ ಹೆಜ್ಜೆ ಲೆಕ್ಕವನ್ನಂತೂ ನಂಬಬೇಡಿ. ಸೀರೆಗೆ ಜೇಬಿಲ್ಲ, ಫೋನ್ ಟಿವಿ ಪಕ್ಕದಲ್ಲೇ ಇರುತ್ತದೆ, ಅವರು ಅಂಗಳ ಪೂರ್ತಿ ಸುತ್ತಿದರೂ ಅದು ಸೊನ್ನೆ ತೋರಿಸುತ್ತದೆ. ಅಲಾರಾಂ ಇಟ್ಟು, ಇಷ್ಟು ನಿಮಿಷ ನಡೆಯಿರಿ ಅನ್ನುವುದೇ ಸರಿ.

ಉಸಿರಾಟದ ವ್ಯಾಯಾಮಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್ ಅನ್ನುವ ಸಾಧನ ಕೊಟ್ಟಿದ್ದರೆ ವಿಡಿಯೋ ಕಾಲ್‌ನಲ್ಲಿ ಒಮ್ಮೆ ನೋಡಿ. ಉಸಿರು ಒಳಗೆ ಎಳೆಯಬೇಕು, ಎಷ್ಟೋ ಹಿರಿಯರು ಊದುತ್ತಾರೆ! ದೊಡ್ಡಮ್ಮನೂ ಹಾಗೇ ಊದುತ್ತಿದ್ದರು. ಫೋನಿನಲ್ಲಿ ಬರೀ ಮಾತಾಡಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ತಟ್ಟೆಯ ಫೋಟೋ ಕೂಡ ತರಿಸಿಕೊಳ್ಳಿ. ಚೆನ್ನಾಗಿ ಊಟ ಮಾಡ್ದೆ ಅಂದರೂ ಫೋಟೋದಲ್ಲಿ ಅನ್ನ ತಿಳಿಸಾರು ಬಿಟ್ಟು ಬೇರೆ ಇರಲ್ಲ. ಕ್ಯಾನ್ಸರ್ ಇದ್ದವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ, ಅಷ್ಟೇ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಜಾಸ್ತಿ ಮಾಡಬಾರದು.

ಇನ್ನೊಂದು ಕೆಲಸ ಇವತ್ತೇ ಮಾಡಿ. ಅವರು ನುಂಗುವ ಪ್ರತಿ ಮಾತ್ರೆಯ ಹಾಳೆ, ನಾಟಿ ಔಷಧಿಯ ಡಬ್ಬಿ, ಎಲ್ಲದರ ಫೋಟೋ ತೆಗೆದಿಟ್ಟುಕೊಂಡು ಅರಿವಳಿಕೆ ಡಾಕ್ಟರಿಗೆ ತೋರಿಸಿ. ರಕ್ತ ತೆಳು ಮಾಡುವ ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳಬೇಕು, ಫ್ಯಾಮಿಲಿ ಗ್ರೂಪ್ ಅಲ್ಲ.