ಪ್ಯಾಕೇಜ್ ಸಿಕ್ಕಿತು ಸರಿ, ಎಲ್ಲಿಂದ ಸಿಕ್ಕಿತು?

“ಇನ್‌ಸ್ಟಾಲ್ ಮಾಡಿದ್ದೇನೆ ಮಾರಾಯ್ರೆ, ಆದ್ರೂ ಸಿಮೇಕ್ ಓಪನ್‌ಸಿವಿ ಸಿಗ್ಲಿಲ್ಲ ಹೇಳ್ತದೆ.” ಮಂಗಳೂರಿನ ನಮ್ಮ ಆಫೀಸಿನಲ್ಲಿ ಹೊಸಬರಿಂದ ಹೆಚ್ಚಾಗಿ ಕೇಳಿಬರುವ ಮಾತು ಇದು. ಸಿಮೇಕ್ ಎಂದರೆ ಬೇಕಾದ ಲೈಬ್ರರಿಗಳನ್ನು ಹುಡುಕಿ ಪ್ರೋಗ್ರಾಂ ಬಿಲ್ಡ್ ಮಾಡಲು ಸಿದ್ಧಪಡಿಸುವ ಸಾಧನ, ಓಪನ್‌ಸಿವಿ ಚಿತ್ರ-ವಿಡಿಯೊ ಕೆಲಸದ ಲೈಬ್ರರಿ. ಉಬುಂಟುವಿನಲ್ಲಾದರೆ ಮೊದಲು ‘ಡೆವ್’ ಪ್ಯಾಕೇಜ್ (ಬಿಲ್ಡ್ ಮಾಡಲು ಬೇಕಾದ ಫೈಲುಗಳಿರುವುದು) ಇದೆಯೇ ನೋಡಿ. ಓಪನ್‌ಸಿವಿಯ ರನ್‌ಟೈಮ್ ಲೈಬ್ರರಿಗಳು ಬೇರೆ ಪ್ಯಾಕೇಜುಗಳಲ್ಲಿ ಬರುತ್ತವೆ. ಸಿಮೇಕ್ ಹುಡುಕುವ ಕಾನ್ಫಿಗ್ ಫೈಲು ಇರುವುದು ಲಿಬ್‌ಓಪನ್‌ಸಿವಿ-ಡೆವ್‌ನಲ್ಲಿ. ಅದು ಯಾವ ಡೈರೆಕ್ಟರಿಯಲ್ಲಿ ಕೂತಿದೆ ಎಂದು ಡಿಪಿಕೆಜಿ -ಎಲ್ (ದೊಡ್ಡಕ್ಷರದ ಎಲ್) ಕೊಟ್ಟರೆ ತಿಳಿಯುತ್ತದೆ.

ನಿಜವಾಗಿ ‘ಸಿಗಲಿಲ್ಲ’ ಎಂಬ ಎರರ್ ಒಳ್ಳೆಯದೇ, ಬಿಲ್ಡ್ ಅಲ್ಲಿಗೇ ನಿಲ್ಲುತ್ತದೆ. ಲೈಬ್ರರಿಯ ನಮಗೆ ಬೇಡದ ಇನ್ನೊಂದು ಪ್ರತಿ ಸಿಕ್ಕಿ ಬಿಲ್ಡ್ ಮುಂದೆ ಹೋಯಿತೆಂದರೆ ಕಷ್ಟ. ಆದ್ದರಿಂದ ಸಿಮೇಕ್‌ನ ಫೈಂಡ್_ಪ್ಯಾಕೇಜ್ ಕಮಾಂಡ್ ಹುಡುಕುವ ಕ್ರಮ ಬಾಯಿಪಾಠವಾಗಿರಬೇಕು. ಆ ಪ್ಯಾಕೇಜ್ ಹೆಸರಿನ ಫೈಂಡ್ ಮಾಡ್ಯೂಲ್ (ಅದನ್ನು ಹುಡುಕಲೆಂದೇ ಬರೆದ ಸಿಮೇಕ್ ಸ್ಕ್ರಿಪ್ಟ್) ಇದ್ದರೆ ಮೊದಲು ಅದು ಓಡುತ್ತದೆ. ಇಲ್ಲದಿದ್ದರೆ ಕಾನ್ಫಿಗ್ ಫೈಲಿನ ಹುಡುಕಾಟ: ಪ್ಯಾಕೇಜ್ ಹೆಸರಿನ ಕೊನೆಗೆ _ರೂಟ್ ಎಂದಿರುವ ವೇರಿಯಬಲ್ (ಸಿಮೇಕ್ 3.12ರಿಂದ), ಆಮೇಲೆ ಸಿಮೇಕ್_ಪ್ರಿಫಿಕ್ಸ್_ಪಾತ್ (ಹುಡುಕಬೇಕಾದ ಜಾಗಗಳೆಂದು ನಾವೇ ಕೊಡುವ ಪಟ್ಟಿ), ಆಮೇಲೆ ಶೆಲ್‌ನ ಪಾತ್ (ಕಮಾಂಡುಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ), ಕೊನೆಯ ಹೊತ್ತಿಗೆ ಯುಎಸ್‌ಆರ್‌ನಂಥ ಸಿಸ್ಟಮ್ ಜಾಗಗಳು.

ಶೆಲ್‌ನ ಪಾತ್ ಸಿಸ್ಟಮ್‌ಗಿಂತ ಮುಂಚೆ ಬರುತ್ತದೆ ಎನ್ನುವುದೇ ಹಲವರಿಗೆ ಗೊತ್ತಿರುವುದಿಲ್ಲ. ಪಾತ್‌ನಲ್ಲಿರುವ ಪ್ರತಿ ‘ಬಿನ್’ ಡೈರೆಕ್ಟರಿಯ ಒಂದು ಮೆಟ್ಟಿಲು ಮೇಲೆ ಹೋಗಿ ಸಿಮೇಕ್ ಅಲ್ಲಿಯೂ ಹುಡುಕುತ್ತದೆ. ಕಾಂಡಾ (ತನ್ನದೇ ಪ್ರತ್ಯೇಕ ಡೈರೆಕ್ಟರಿಯಲ್ಲಿ ಪ್ಯಾಕೇಜ್ ಹಾಕುವ ಸಾಧನ) ಎನ್ವಿರಾನ್ಮೆಂಟ್ ಆ್ಯಕ್ಟಿವ್ ಇದ್ದು, ಅದರೊಳಗೆ ಓಪನ್‌ಸಿವಿ ಇದ್ದರೆ, ಉಬುಂಟುವಿನ ಏಪ್ಟ್‌ನಿಂದ ಹಾಕಿದ್ದನ್ನು ಬಿಟ್ಟು ಅದನ್ನೇ ಎತ್ತಿಕೊಳ್ಳುತ್ತದೆ. ಉಳಿದ ಲೈಬ್ರರಿಗಳು ಸಿಸ್ಟಮ್‌ನವು, ಎರಡೂ ಒಂದಕ್ಕೊಂದು ಹೊಂದದೇ ಹೋಗಬಹುದು. ಲಿಂಕ್ ಮಾಡುವಾಗ ‘ಅನ್‌ಡಿಫೈನ್ಡ್ ರೆಫರೆನ್ಸ್’ ಸಾಲುಸಾಲು ಬರಬಹುದು, ಅಥವಾ ಪ್ರೋಗ್ರಾಂ ಓಡಿಸುವಾಗ ಕೈಕೊಡಬಹುದು. ಕಾಂಡಾ ಡಿಆ್ಯಕ್ಟಿವೇಟ್ ಮಾಡಿ ಕಾನ್ಫಿಗರ್ ಮಾಡಿ.

ಅಷ್ಟು ಮಾಡಿದರೂ ಹಳೆಯ ದಾರಿಯೇ ಬರುತ್ತಿದ್ದರೆ ಕಾರಣ ಕ್ಯಾಶ್. ಒಮ್ಮೆ ಸಿಕ್ಕಿದ ಡೈರೆಕ್ಟರಿಯನ್ನು ಸಿಮೇಕ್ ‘ಓಪನ್‌ಸಿವಿ_ಡಿರ್’ ಎಂದು ಸಿಮೇಕ್‌ಕ್ಯಾಶ್ ಫೈಲಿನಲ್ಲಿ ಬರೆದಿಡುತ್ತದೆ. ಆ ಡೈರೆಕ್ಟರಿ ಇರುವಷ್ಟು ಕಾಲ ಪ್ರಿಫಿಕ್ಸ್ ಪಾತ್ ಎಷ್ಟು ಬದಲಿಸಿದರೂ ಪ್ರಯೋಜನ ಇಲ್ಲ. -ಯು (ದೊಡ್ಡಕ್ಷರದ ಯು) ಕೊಟ್ಟು ಆ ಒಂದು ವೇರಿಯಬಲ್ ಅಳಿಸಿ, 3.24 ಅಥವಾ ಹೊಸದಾದರೆ ಇಡೀ ಕ್ಯಾಶ್ ಬಿಟ್ಟು ಹೊಸದಾಗಿ ಶುರುಮಾಡುವ --ಫ್ರೆಶ್ ಇದೆ. ಎಲ್ಲೆಲ್ಲಿ ಹುಡುಕಿತು ಎಂದು ಕಣ್ಣಾರೆ ನೋಡಲು --ಡೀಬಗ್-ಫೈಂಡ್ (3.17ರಿಂದ) ಕೊಡಿ. ಔಟ್‌ಪುಟ್ ತುಂಬ ಉದ್ದ ಬರುತ್ತದೆ, 3.23ರಿಂದ ಒಂದೇ ಪ್ಯಾಕೇಜಿನ ಹೆಸರು ಹೇಳಿ ಕೇಳಬಹುದು. ‘ಕನ್ಸಿಡರ್ಡ್ ಬಟ್ ನಾಟ್ ಆ್ಯಕ್ಸೆಪ್ಟೆಡ್’ ಎಂದು ಬಂದರೆ ಫೈಲು ಸಿಕ್ಕಿದೆ, ಹೊಂದಲಿಲ್ಲ ಎಂದರ್ಥ. ಅಲ್ಲಿ ಪಕ್ಕದಲ್ಲೇ ವರ್ಷನ್ ಬರೆದಿರುತ್ತದೆ, ಓದಿ.

ಎಆರ್‌ಎಂ ಬೋರ್ಡಿಗೆ ಕ್ರಾಸ್ ಕಂಪೈಲ್ ಮಾಡುವವರು (ಲ್ಯಾಪ್‌ಟಾಪಿನಲ್ಲಿ ಕೂತು ಬೋರ್ಡಿಗಾಗಿ ಬಿಲ್ಡ್ ಮಾಡುವವರು) ಲೈಬ್ರರಿ ಹುಡುಕುವ ಇನ್ನೊಂದು ಸಾಧನವಾದ ಪಿಕೆಜಿ-ಕಾನ್ಫಿಗ್ ಕಡೆ ಹೆಚ್ಚು ಗಮನ ಕೊಡಬೇಕು. ಪಿಕೆಜಿ_ಕಾನ್ಫಿಗ್_ಪಾತ್ ಹೊಸ ಜಾಗಗಳನ್ನು ಸೇರಿಸುತ್ತದೆ ಅಷ್ಟೆ, ಲ್ಯಾಪ್‌ಟಾಪಿನ ಸ್ವಂತ ಜಾಗಗಳು ಹಿಂದೆ ಉಳಿದೇ ಇರುತ್ತವೆ. ಟಾರ್ಗೆಟ್‌ನಲ್ಲಿ, ಅಂದರೆ ಬೋರ್ಡಿನಲ್ಲಿ, ಇಲ್ಲದ ಲೈಬ್ರರಿ ‘ಇದೆ’ ಎಂದು ಬರುವುದು ಹೀಗೆ. ಪಿಕೆಜಿ_ಕಾನ್ಫಿಗ್_ಲಿಬ್‌ಡಿರ್ ಆ ಸ್ವಂತ ಜಾಗಗಳ ಬದಲಿಗೇ ನಿಲ್ಲುತ್ತದೆ. ಅದನ್ನು ಸಿಸ್‌ರೂಟ್‌ನ (ಲ್ಯಾಪ್‌ಟಾಪಿನಲ್ಲಿಟ್ಟ ಬೋರ್ಡಿನ ಫೈಲುಗಳ ಡೈರೆಕ್ಟರಿಯ) ಒಳಗೆ ತೋರಿಸಿ, ಜೊತೆಗೆ ಪಿಕೆಜಿ_ಕಾನ್ಫಿಗ್_ಸಿಸ್‌ರೂಟ್_ಡಿರ್ ಕೂಡ ಕೊಡಿ. ಟೂಲ್‌ಚೈನ್ ಫೈಲಿನಲ್ಲಿ (ಬೋರ್ಡಿನ ಕಂಪೈಲರ್ ಯಾವುದೆಂದು ಸಿಮೇಕ್‌ಗೆ ಹೇಳುವ ಫೈಲು) ಸಿಮೇಕ್_ಫೈಂಡ್_ರೂಟ್_ಪಾತ್_ಮೋಡ್_ಪ್ಯಾಕೇಜ್ ‘ಓನ್ಲಿ’ ಆಗಿರಲಿ.

ಸರಿಯಾದ ಪಾತ್ ಗೊತ್ತಾದ ಮೇಲೆ ಅದನ್ನು ಎಲ್ಲರೂ ಹಂಚಿಕೊಳ್ಳುವ ಸಿಮೇಕ್‌ಲಿಸ್ಟ್ಸ್ ಫೈಲಿನಲ್ಲಿ ಬರೆಯಬೇಡಿ, ಪಕ್ಕದವರ ಲ್ಯಾಪ್‌ಟಾಪಿನಲ್ಲಿ ಆ ಡೈರೆಕ್ಟರಿ ಇರುವುದಿಲ್ಲ. ನಿಮ್ಮ ಸ್ವಂತ ಸೆಟ್ಟಿಂಗ್‌ಗಳಿಗೆಂದೇ ಇರುವ ಸಿಮೇಕ್‌ಯೂಸರ್‌ಪ್ರಿಸೆಟ್ಸ್ ಫೈಲಿನಲ್ಲಿ ಹಾಕಿ, ಆ ಫೈಲನ್ನು ಗಿಟ್‌ಗೆ ಸೇರಿಸಬೇಡಿ.