ನ್ಯೂ ಆರ್ಲಿಯನ್ಸ್‌ಗೆ ಜಾಝ್ ಕೇಳಲು ಹೋಗುವವರಿಗೆ

ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರಕ್ಕೆ ಜಾಝ್ ಸಂಗೀತಕ್ಕಾಗಿಯೇ ಹೋಗುವವರು ಬೋರ್ಬನ್ ಸ್ಟ್ರೀಟಿನ ಹತ್ತಿರ ಹೋಟೆಲ್ ಹಿಡಿಯುವ ಮುನ್ನ ಎರಡು ಬಾರಿ ಯೋಚಿಸುವುದು ಒಳ್ಳೆಯದು. ಆ ಬೀದಿ ಹೆಸರುವಾಸಿಯೇನೋ ನಿಜ, ಆದರೆ ಕತ್ತಲಾದ ಮೇಲೆ ಅಲ್ಲಿ ಕಿವಿಗೆ ಬೀಳುವುದು ಹೆಚ್ಚಾಗಿ ಕುಡಿದವರ ಗದ್ದಲ ಮತ್ತು ಧ್ವನಿವರ್ಧಕದ ಅಬ್ಬರ. ನಾವು ಅಲ್ಲಿ ಒಂದು ಸುತ್ತು ಹಾಕಿ, ಉಳಿದ ಸಂಜೆಗಳನ್ನು ಬೇರೆ ಕಡೆ ಕಳೆದೆವು.

ಮೊದಲು ಹೋಗಬೇಕಾದದ್ದು ಸೇಂಟ್ ಪೀಟರ್ ಸ್ಟ್ರೀಟಿನ ಪ್ರಿಸರ್ವೇಶನ್ ಹಾಲ್‌ಗೆ. ನಗರದ ಹಳೆಯ ವಾದಕರಿಗೆ ನುಡಿಸಲು ಜಾಗವಾಗಲೆಂದು 1961ರಲ್ಲಿ ಆರಂಭವಾದ ಈ ಸಭಾಂಗಣವನ್ನು ಸಭಾಂಗಣವೆನ್ನುವುದೇ ಅತಿಶಯೋಕ್ತಿ. ಬಣ್ಣ ಮಾಸಿದ ಗೋಡೆಗಳ ಒಂದು ಕೋಣೆ, ಕೆಲವು ಮರದ ಬೆಂಚುಗಳು, ಮುಂದೆ ನೆಲದ ಮೇಲೆ ದಿಂಬುಗಳು, ಹಿಂದೆ ನಿಂತು ಕೇಳುವವರು. ಕಛೇರಿ ಮುಕ್ಕಾಲು ಗಂಟೆಯಷ್ಟು ನಡೆಯುತ್ತದೆ, ನುಡಿಸುವಾಗ ಫೋಟೋ ತೆಗೆಯುವಂತಿಲ್ಲ. ಮಕ್ಕಳನ್ನು ಕರೆದೊಯ್ಯಬಹುದು, ಇದು ಮುಖ್ಯ, ಏಕೆಂದರೆ ಸಂಗೀತ ನಡೆಯುವ ಬಾರ್‌ಗಳಲ್ಲಿ ಅನೇಕವು 21 ವರ್ಷ ತುಂಬದವರನ್ನು ಒಳಗೆ ಬಿಡುವುದಿಲ್ಲ. ಟಿಕೆಟನ್ನು ಮೊದಲೇ ಆನ್‌ಲೈನಿನಲ್ಲಿ ಕೊಳ್ಳಿ, ಸಾಧ್ಯವಾದರೆ ದಿಂಬಿನ ಮೇಲೆ ಕುಳಿತುಕೊಳ್ಳಿ. ಟ್ರಾಂಬೋನಿನ ಉದ್ದನೆಯ ಕೊಳವೆ ನಮ್ಮ ತಲೆಗಳ ಮೇಲೆಯೇ ಹಿಂದೆ ಮುಂದೆ ಸರಿಯುತ್ತಿತ್ತು, ಸ್ವರದ ನಡುವೆ ವಾದಕರು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತಿತ್ತು. ಟ್ರಂಪೆಟ್ ಹಾಡಿನ ಧಾಟಿಯನ್ನು ಹಿಡಿದಿರುವಾಗ, ಕ್ಲಾರಿನೆಟ್ ಅದರ ಮೇಲೆ ಹೆಣೆಯುತ್ತ, ಟ್ರಾಂಬೋನ್ ಕೆಳಗಿನಿಂದ ಜಾರುತ್ತ, ಮೂವರೂ ಏಕಕಾಲಕ್ಕೆ ಮನೋಧರ್ಮದಿಂದ, ಅಂದರೆ ಆ ಕ್ಷಣಕ್ಕೆ ತೋಚಿದಂತೆ, ನುಡಿಸುವುದೇ ಈ ಊರಿನ ಹಳೆಯ ಶೈಲಿಯ ಲಕ್ಷಣ. ಧ್ವನಿಮುದ್ರಿಕೆಯಲ್ಲಿ ಕಲಸಿಹೋದಂತೆ ಕೇಳುವ ಈ ಮೂರು ಎಳೆಗಳು ಅಲ್ಲಿ ಒಂದೊಂದಾಗಿ ಬಿಡಿಸಿಕೊಂಡವು.

ಅಲ್ಲಿಂದ ನಡೆದೇ ಹೋಗಬಹುದಾದ ಫ್ರೆಂಚ್‌ಮೆನ್ ಸ್ಟ್ರೀಟಿನಲ್ಲಿ ಅಕ್ಕಪಕ್ಕದಲ್ಲೇ ಹಲವು ಸಂಗೀತದ ತಾಣಗಳಿವೆ. ಸ್ನಗ್ ಹಾರ್ಬರ್‌ನಲ್ಲಿ ಟಿಕೆಟ್ ಪಡೆದು ಕುಳಿತು ಆಧುನಿಕ ಜಾಝ್ ಕೇಳಬಹುದು. ಸ್ಪಾಟೆಡ್ ಕ್ಯಾಟ್‌ನಂಥ ಚಿಕ್ಕ ಜಾಗಗಳಲ್ಲಿ ಏನಾದರೊಂದು ಪಾನೀಯ ಕೊಳ್ಳಬೇಕಾಗುತ್ತದೆ. ಮದ್ಯ ಬೇಡವೆನ್ನುವವರು ಸೋಡಾ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ವಾದಕರಿಗೆ ಹಣ ಹಾಕುವ ಬಕೆಟ್ಟು ಎದುರಿಗೆ ಬಂದಾಗ ಕೈ ಹಿಂದೆಗೆಯಬಾರದು. ವಾದಕರ ಸಂಪಾದನೆಯಲ್ಲಿ ಅದರೊಳಗೆ ಬೀಳುವ ಹಣದ ಪಾಲು ದೊಡ್ಡದು, ಆದ್ದರಿಂದ ಒಂದು ಮತ್ತು ಐದು ಡಾಲರಿನ ನೋಟುಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೊರಡಿ. ಹಗಲಿನಲ್ಲಿ ರಾಯಲ್ ಸ್ಟ್ರೀಟಿನಲ್ಲಿ ನುಡಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಹಳೆಯ ಟಂಕಸಾಲೆಯ ಕಟ್ಟಡದಲ್ಲಿರುವ ಜಾಝ್ ಮ್ಯೂಸಿಯಂಗೆ ಒಂದು ಬೆಳಗು ಸಾಕು. 1901ರಲ್ಲಿ ಇದೇ ಊರಿನ ಬಡತನದಲ್ಲಿ ಹುಟ್ಟಿ ಜಾಝ್‌ನ ಹೆಸರಾಂತ ಟ್ರಂಪೆಟ್ ವಾದಕನಾದ ಲೂಯಿ ಆರ್ಮ್‌ಸ್ಟ್ರಾಂಗ್ ಬಾಲ್ಯದಲ್ಲಿ ನುಡಿಸಿದ, ಟ್ರಂಪೆಟನ್ನೇ ಹೋಲುವ ಕಾರ್ನೆಟ್ ಈ ಮ್ಯೂಸಿಯಂನ ಸಂಗ್ರಹದಲ್ಲಿದೆ. ಅವನಿಗಿಂತ ಮೊದಲು ಊರನ್ನೇ ಕುಣಿಸಿದ ಕಾರ್ನೆಟ್ ವಾದಕ ಬಡ್ಡಿ ಬೋಲ್ಡನ್‌ನ ಒಂದು ಧ್ವನಿಮುದ್ರಿಕೆಯೂ ನಮಗೆ ಉಳಿದಿಲ್ಲ. 1907ರಲ್ಲಿ ಮಾನಸಿಕ ಆಸ್ಪತ್ರೆ ಸೇರಿದವನು 1931ರಲ್ಲಿ ಅಲ್ಲೇ ತೀರಿಕೊಂಡ. ಟ್ರೆಮೇ ಬಡಾವಣೆಯ ಕಾಂಗೋ ಸ್ಕ್ವೇರ್ ಕಣ್ಣಿಗೆ ಸಾಮಾನ್ಯ ಉದ್ಯಾನವೇ ಹೌದು. ಆದರೆ ಗುಲಾಮಗಿರಿಯ ಕಾಲದಲ್ಲಿ ಭಾನುವಾರಗಳಂದು ಆಫ್ರಿಕನ್ನರು ಡೋಲು ಬಾರಿಸಿ ಕುಣಿಯುತ್ತಿದ್ದ ಆ ನೆಲವನ್ನು ನೋಡದೆ ಬರಬಾರದೆಂಬುದು ನನ್ನ ಅಭಿಪ್ರಾಯ.

ಬಿಸಿಲು ಮತ್ತು ಸೆಕೆಯ ದೃಷ್ಟಿಯಿಂದ ಬೇಸಿಗೆಯನ್ನು ತಪ್ಪಿಸಿ. ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್‌ವರೆಗೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಜಾಝ್ ಫೆಸ್ಟ್ ವೇಳೆ ಹೋಟೆಲ್ ದರ ಏರುತ್ತದೆ. ಏಪ್ರಿಲ್‌ನ ಫ್ರೆಂಚ್ ಕ್ವಾರ್ಟರ್ ಉತ್ಸವಕ್ಕಾದರೆ ಸಾಮಾನ್ಯ ಪ್ರವೇಶ ಉಚಿತ. ಸಸ್ಯಾಹಾರಿಗಳು ಎಚ್ಚರಿಕೆಯಿಂದಿರಬೇಕು: ಬರೀ ಕಾಳು ಮತ್ತು ಅನ್ನದಂತೆ ಕಾಣುವ ರೆಡ್ ಬೀನ್ಸ್ ಅಂಡ್ ರೈಸ್‌ನಲ್ಲೂ ಸಾಮಾನ್ಯವಾಗಿ ಹಂದಿಮಾಂಸವಿರುತ್ತದೆ. ಚಿಕೋರಿ ಬೆರೆಸಿದ ಅಲ್ಲಿನ ಕಾಫಿ ಮಾತ್ರ ನಮ್ಮ ನಾಲಿಗೆಗೆ ಹೊಸದಲ್ಲ.

ಪ್ರವಾಸದಲ್ಲಿ ಒಂದು ಭಾನುವಾರವಿರಲಿ. ಬೇಸಿಗೆಯನ್ನು ಬಿಟ್ಟು ವರ್ಷದ ಬಹುಪಾಲು ಭಾನುವಾರಗಳಂದು ಕಪ್ಪು ಸಮುದಾಯದ ಸಂಘಗಳು ಬ್ರಾಸ್ ಬ್ಯಾಂಡಿನೊಂದಿಗೆ ಸೆಕೆಂಡ್ ಲೈನ್ ಮೆರವಣಿಗೆ ಹೊರಡಿಸುತ್ತವೆ. ಹಿಂದೆ ಕುಣಿಯುತ್ತ ಯಾರೂ ಸೇರಬಹುದು, ಬ್ಯಾಂಡಿನ ಮುಂದೆ ಅಡ್ಡ ನಿಲ್ಲಬಾರದು. ಮೆರವಣಿಗೆಯ ಮಾರ್ಗ ಮತ್ತು ಆಯಾ ರಾತ್ರಿ ಎಲ್ಲೆಲ್ಲಿ ಯಾರು ನುಡಿಸುತ್ತಾರೆಂಬ ಪಟ್ಟಿ, ಎರಡೂ ಡಬ್ಲ್ಯೂಡಬ್ಲ್ಯೂಓಝಡ್ ಎಂಬ ಸಮುದಾಯ ರೇಡಿಯೊದ ಜಾಲತಾಣದಲ್ಲಿ ಸಿಗುತ್ತವೆ.